ಗೋಡೆಗೊಂದು ಕೌದಿ

ನಮ್ಮ ಮನೆಯಲ್ಲಿ ನಾನು ಏನಾದರೂ ಒಳ್ಳೆಯ ಕೆಲಸಕ್ಕೆ ಕೈ ಹಾಕಿದರೆ ಸಾಕು, ಉಳಿದವರೂ ಒಂದೊಂದು ಕೈ ಹಾಕಿಬಿಡುತ್ತಾರೆ. ಕೊನೆಗೆ ಆ ಕೆಲಸ ನನಗೇ ಗುರುತು ಸಿಗದ ಹಾಗೆ ಎದುರು ಬಂದು ನಿಲ್ಲುತ್ತದೆ. ಇದು ಮೊದಲಿನಿಂದ ನಡೆದು ಬಂದದ್ದು. ಯಾರಿಗೆ ದೂರು ಕೊಡಲಿ?

ಇದು ಊರಿಗೆ ಮಾತಾಡಬೇಕೆಂದರೆ ಫೋನ್ ಕಾರ್ಡ್ ಕೆರೆಯುತ್ತಿದ್ದ ಕಾಲದ ಮಾತು. ಸಿಡ್ನಿಯ ಹ್ಯಾರಿಸ್ ಪಾರ್ಕ್ ಹತ್ತಿರ ಒಂದು ಫ್ಲ್ಯಾಟ್‌ನಲ್ಲಿ ರೆಂಟಿಗಿದ್ದೆವು: ನಾನು, ನಮ್ಮ ಯಜಮಾನರು, ಏಳು ವರ್ಷದ ಮಗಳು. ಆ ವರ್ಷ ಧಾರವಾಡದಿಂದ ಅತ್ತಿ, ಅಂದರೆ ಯಜಮಾನರ ತಾಯಿಯೂ ಬಂದಿದ್ದರು. ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಂದ ಬರುತ್ತಿದ್ದದ್ದು ಮಾತ್ರ ಇಂಗ್ಲಿಷ್. ಅತ್ತಿಯವರಿಗೆ ಧಾರವಾಡದ ಕನ್ನಡ ಬಿಟ್ಟರೆ ಬೇರೆ ಭಾಷೆ ಇಲ್ಲ. ಅಜ್ಜಿ ಮೊಮ್ಮಗಳು ದಿನವಿಡೀ ಒಂದೊಂದು ಭಾಷೆಯಲ್ಲಿ ಹರಟೆ ಹೊಡೆಯುತ್ತಿದ್ದರು. ಇಬ್ಬರಿಗೂ ಏನೂ ತೊಂದರೆ ಇರಲಿಲ್ಲ, ನಡುವೆ ಕೂತ ನನಗೇ ತಲೆನೋವು.

ನಾದಿನಿಯ ಗ್ಯಾರೇಜು

ಯಜಮಾನರ ತಂಗಿ ಮೆಲ್ಬರ್ನ್‌ನಲ್ಲಿ ಇದ್ದಳು. ಅವಳಿಗೆ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಸಿಕ್ಕಿದ್ದು ನಮಗಿಂತ ಆರು ತಿಂಗಳು ಮೊದಲು. ಹಾಗಾಗಿ ಆಸ್ಟ್ರೇಲಿಯಾದ ವಿಷಯದಲ್ಲಿ ಅವಳದೇ ಕೊನೆಯ ಮಾತು.

ನಾನು ಪ್ರೀತಿಯಿಂದ ಕೊಟ್ಟ ಯಾವ ಸಾಮಾನೂ ಅವಳ ಮನೆಯ ಗೋಡೆ ಕಂಡಿರಲಿಲ್ಲ. ಹಿತ್ತಾಳೆಯ ಗಂಟೆ ಕೊಟ್ಟೆ, ಗ್ಯಾರೇಜಿಗೆ ಹೋಯಿತು. ಗಣಪತಿಯ ಕೆತ್ತನೆ ಕೊಟ್ಟೆ, ಅದೂ ಹೋಯಿತು. ಕೇಳಿದರೆ, "ಸೇಫ್ ಆಗಿ ಇಟ್ಟೀನ್ರಿ ವೈನಿ" ಅನ್ನುತ್ತಿದ್ದಳು; ಅಣ್ಣನ ಹೆಂಡತಿಯಾದ ನಾನು ಅವಳಿಗೆ ವೈನಿ. ಅವರ ಕಾರು ಬಿಸಿಲಲ್ಲಿ ಹೊರಗೆ ನಿಂತಿರುತ್ತಿತ್ತು, ನನ್ನ ಪ್ರೀತಿ ಗ್ಯಾರೇಜಿನ ಒಳಗೆ ಸೇಫ್ ಆಗಿ ಇರುತ್ತಿತ್ತು.

ಆ ವರ್ಷ ಅವರು ಹೊಸ ಬಡಾವಣೆಯಲ್ಲಿ, ಅಂದರೆ ಅಲ್ಲಿಯವರ ಎಸ್ಟೇಟ್‌ನಲ್ಲಿ ಮನೆ ಕಟ್ಟಿಸಿದರು. ಅಕ್ಟೋಬರ್ ಕೊನೆಗೆ ಗೃಹಪ್ರವೇಶ. ಫೋನಿನಲ್ಲಿ ಹೇಳಿದಳು: "ವೈನಿ, ಈ ಸಲ ಹಿತ್ತಾಳಿ ಗಿತ್ತಾಳಿ ತರಬ್ಯಾಡ್ರಿ ಮತ್ತ. ನಮ್ಮ ಎಸ್ಟೇಟ್‌ನಾಗ ಎಲ್ಲಾರೂ ಹ್ಯಾಲೊವೀನ್ ಮಾಡ್ತಾರ. ನಮ್ಮ ಮನಿ ಥೀಮ್ ಬ್ಯಾರೇನಽ ಐತಿ."

ನನಗೆ ಉರಿದುಹೋಯಿತು. ಥೀಮ್ ಅಂತೆ! ಆಯಿತು, ಹ್ಯಾಲೊವೀನ್ ಬೇಕಾ, ಹ್ಯಾಲೊವೀನೇ ಕೊಡುತ್ತೇನೆ, ಅದೂ ನನ್ನ ಕೈಯಾರೆ ಹೊಲಿದು. ಆದರೆ ಅದು ಅವಳ ಹಾಲ್‌ನ ಗೋಡೆ ಮೇಲೇ ಇರಬೇಕು. ಅದೂ ಗ್ಯಾರೇಜಿಗೆ ಹೋದರೆ ಆ ಮನೆಗೆ ನಾನು ಇನ್ನು ಗಿಫ್ಟ್ ವೋಚರ್ ಬಿಟ್ಟು ಬೇರೇನೂ ಕೊಡುವುದಿಲ್ಲ ಅಂತ ಮನಸ್ಸಿನಲ್ಲೇ ಶಪಥ ಮಾಡಿದೆ.

ಅತ್ತಿ ಕೇಳಿದರು, "ಅದೇನವ್ವಾ ಆ ಹಬ್ಬ?"

"ಸತ್ತವರು ಅವತ್ತ ಮನಿಗೆ ಬರ್ತಾರಂತರಿ ಅತ್ತಿ."

"ಹಂಗಂದ್ರ ನಮ್ಮ ಮಹಾಲಯ ಅಮಾಸಿ ಆತಲ್ಲ. ಎಡಿ ಏನ್ ಇಡ್ತಾರ?"

"ಚಾಕ್ಲೇಟು."

ಅತ್ತಿ ಬೆರಳೆತ್ತಿ ಎಚ್ಚರಿಸಿದರು. "ನಿಮ್ಮ ಮಾವನವರಿಗೆ ಹಲ್ಲ ಇರಲಿಲ್ಲ, ನೆನಪಿರಲಿ."

ದಪ್ಪ ಕಾಲು

ಹೊಲಿಗೆಯ ಸಾಮಾನು ಮಾರುವ ಅಂಗಡಿಗೆ ಹೋದೆ. ಅಲ್ಲಿ ಕಿಟ್ ಅಂತ ಸಿಗುತ್ತಿತ್ತು. ಕತ್ತರಿಸಬೇಕಾದ ಬಟ್ಟೆ, ನಕಾಶೆ, ಹೇಗೆ ಹೊಲಿಯಬೇಕೆಂಬ ಸೂಚನೆ, ಎಲ್ಲಾ ಒಂದೇ ಪ್ಯಾಕೆಟ್ಟಿನಲ್ಲಿ. ಮೇಲೆ ಫೋಟೋ: ನಗುವ ಕಿತ್ತಳೆ ಬಣ್ಣದ ಕುಂಬಳಕಾಯಿ, ಕರಿ ಬೆಕ್ಕು, ಮುದ್ದಾದ ಒಂದು ಬಿಳಿ ದೆವ್ವ, ಕಸಬರಿಗೆ ಮೇಲೆ ಕೂತು ಹಾರುವ ಮಾಟಗಾತಿ. ಟವೆಲ್ಲಿನಷ್ಟು ದೊಡ್ಡ ಕೌದಿ, ಗೋಡೆಗೆ ತೂಗುಹಾಕಲಿಕ್ಕೆ.

ಅಂಗಡಿಯ ಹೆಂಗಸು ಅದರ ಮೇಲಿನ ಧೂಳು ಒರೆಸುತ್ತಾ, "ಇಲ್ಲಿ ಯಾರೂ ಹ್ಯಾಲೊವೀನ್ ಮಾಡಲ್ಲ ಲವ್, ಅದು ಅಮೆರಿಕದವರ ಹುಚ್ಚು. ಇದನ್ನ ಕೇಳಿದವಳು ನೀನೇ ಮೊದಲು" ಅಂದಳು. ಲವ್ ಅನ್ನುವುದು ಅಲ್ಲಿ ನಮ್ಮ "ಅಮ್ಮಾ" ಇದ್ದ ಹಾಗೆ, ಯಾರಿಗೆ ಬೇಕಾದರೂ ಅನ್ನುತ್ತಾರೆ. ಇಲ್ಲಿಯವರಿಗಿಂತ ನಾನೇ ಒಂದು ಹೆಜ್ಜೆ ಮುಂದೆ ಅಂತ ಒಳಗೊಳಗೇ ಹಿಗ್ಗಿದೆ.

ಆಮೇಲೆ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ಫ್ಯಾಟ್ ಕ್ವಾರ್ಟರ್ಸ್?"

ನನ್ನ ತಲೆಯಲ್ಲಿ ಎಲ್ಲವೂ ಮೊದಲು ಕನ್ನಡಕ್ಕೆ ತಿರುಗುತ್ತದೆ. ಫ್ಯಾಟ್ ಅಂದರೆ ದಪ್ಪ, ಕ್ವಾರ್ಟರ್ ಅಂದರೆ ಕಾಲು. ದಪ್ಪ ಕಾಲು! ಮುಖ ಕೆಂಪಾಯಿತು. ಎರಡು ಹೆಜ್ಜೆ ಹಿಂದೆ ಸರಿದು ಚೂಡಿದಾರದ ಟಾಪ್ ಕೆಳಗೆ ಎಳೆದುಕೊಂಡೆ. ಅವಳು ಪಕ್ಕದ ಬುಟ್ಟಿಯಿಂದ ಬಣ್ಣಬಣ್ಣದ ಬಟ್ಟೆ ತುಂಡು ತೆಗೆದು ತೋರಿಸಿದ ಮೇಲೆ ಗೊತ್ತಾಯಿತು, ಬಟ್ಟೆಯ ಒಂದು ಅಳತೆಗೆ ಹಾಗನ್ನುತ್ತಾರೆ ಅಂತ.

ಮನೆಗೆ ಬಂದು ನಗುತ್ತಾ ಹೇಳಿದೆ, "ಅತ್ತಿ, ಅಂಗಡಿಯಾಕಿ ನನ್ನ ನೋಡಿ ದಪ್ಪ ಕಾಲು ಅಂದಳ್ರಿ!"

ಅತ್ತಿ ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲೇ ಇಲ್ಲ. "ಬಿಳಿ ಮಂದಿ ಸುಳ್ಳ ಹೇಳೂದಿಲ್ಲ ಬಿಡು."

ಗ್ವಾಡಿಗೆ ಚಳಿ

ಕಿಟ್ ಬಿಚ್ಚಿ ಹರವಿ ಕೂತೆ. ಅತ್ತಿ ಬಂದು ಪಕ್ಕದಲ್ಲಿ ಕೂತರು. ನಾನು ಹೊಸ ಬಟ್ಟೆಗೆ ಕತ್ತರಿ ಇಟ್ಟ ಕೂಡಲೇ ಚೀರಿದರು.

"ಅಯ್ಯ, ಹೊಸಾ ಅರಿವಿ ಯಾಕ ಕತ್ತರಸ್ತೀ?"

"ತುಂಡು ಮಾಡಿ, ಆ ತುಂಡು ಮತ್ತ ಜೋಡಿಸಿ ಹೊಲಿಯೂದ್ರಿ."

"ಜೋಡಸೂದಾದ್ರ ಕತ್ತರಸೂದ್ಯಾಕ?"

ನಾನು ಕತ್ತರಿಸುತ್ತಲೇ ಹೋದೆ. ನಮ್ಮ ಕಡೆ ಕೌದಿ ಅಂದರೆ ಉಟ್ಟು ಸವೆದ ಸೀರೆ, ಹರಿದ ಧೋತರ, ಮಕ್ಕಳ ಹಳೆ ಅಂಗಿ. ಹೊಸ ಬಟ್ಟೆಯಲ್ಲಿ ಕೌದಿ ಹೊಲಿಯುವವರನ್ನು ಅತ್ತಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸಣ್ಣ ಮಗುವಿಗೂ ಸಾಲದಷ್ಟು ಚಿಕ್ಕ ಆ ಕೌದಿಯ ಬಟ್ಟೆಯನ್ನು ಅವರು ಕೈಯಲ್ಲಿ ಹಿಡಿದು ಅಳೆದು ನೋಡಿದರು.

"ಇದನ್ನ ಯಾರು ಹೊಚ್ಚಿಕೊಳ್ಳಾವ್ರು?"

"ಯಾರೂ ಅಲ್ರಿ. ಗ್ವಾಡಿಗೆ ಹಾಕೂದು."

"ಯಾಕ, ಗ್ವಾಡಿಗೆ ಚಳಿ ಹತ್ತೈತೇನು?"

ಮಾಟಗಾತಿಯ ಹಣೆ

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಮಾಟಗಾತಿಯನ್ನು ಕಸಬರಿಗೆ ಮೇಲೆ ಕೂರಿಸಿ ಗುಂಡುಸೂಜಿ ಚುಚ್ಚಿದ್ದೇ ತಡ, ಅತ್ತಿ ಎದ್ದು ನಿಂತರು.

"ಕಸಬರಿಗಿ ಮ್ಯಾಲ ಕುಂತಾಳ? ಲಕ್ಷ್ಮಿ ಅದು! ಕಾಲ ಸೋಕಿದ್ರ ಕೈ ಮುಗೀತೀವಿ, ಈಕಿ ಏರಿ ಕುಂತಾಳಲ್ಲ! ಹೊಸಾ ಮನಿಗೆ ಇಂಥಾದ್ದು ಒಯ್ತೀ?"

"ಅತ್ತಿ, ಆಕಿ ಮಾಟಗಾತಿ. ಹಂಗಽ ಹಾರ್ತಾಳ."

"ನನ್ನ ಮಗಳ ಮನ್ಯಾಗ ಹಾರೂದು ಬ್ಯಾಡ. ಕೆಳಗ ಇಳಸು."

ಇಳಿಸಿದೆ. ಕಸಬರಿಗೆ ಒಂದು ಕೈಗೆ ಕೊಟ್ಟೆ. ಇನ್ನೊಂದು ಕೈ ಖಾಲಿ ಉಳಿಯಿತು, ಅದನ್ನು ಸೊಂಟದ ಮೇಲೆ ಇಟ್ಟೆ. ಚೂಪು ಟೊಪ್ಪಿಗೆ ಅತ್ತಿಯವರಿಗೆ ಹಿಡಿಸಲಿಲ್ಲ, ಅದರ ತುದಿ ಮಡಚಿ ಸೆರಗು ಹೊದಿಸಿದ್ದಾಯಿತು. ನಾನು ಹೊಲಿದ ಹುಬ್ಬಿನಲ್ಲಿ ಒಂದು ಮೇಲೆ ಒಂದು ಕೆಳಗೆ ಆಯಿತು, ಬಿಚ್ಚಿ ಹೊಲಿಯುವ ತಾಳ್ಮೆ ಇರಲಿಲ್ಲ. ಆಮೇಲೆ ಅತ್ತಿ ಕನ್ನಡಕ ಹಾಕಿಕೊಂಡು ಮುಖ ನೋಡಿದರು.

"ಹಣಿ ಬೋಳೈತಿ."

"ಅತ್ತೀ!"

"ಹೆಣ್ಣಮಗಳ ಹಣಿ ಬೋಳ ಇಟ್ಟು ಗೃಹಪ್ರವೇಶಕ್ಕ ಕಳಸಬಾರದು. ಆಕಿ ಯಾರರ ಆಗಲಿ."

ಕೆಂಪು ದಾರದಲ್ಲಿ ಕುಂಕುಮ ಇಟ್ಟೆ. ಬೆಕ್ಕು ಅಡ್ಡ ಹೋಗುವಂತಿತ್ತು, ಅದನ್ನು ತಿರುಗಿಸಿ ಕುಂಬಳಕಾಯಿಯ ಹಿಂದೆ ಕೂರಿಸಿದೆ. ದೆವ್ವವಂತೂ ಬೇಡವೇ ಬೇಡ ಅಂದರು. ಆದರೆ ಕತ್ತರಿಸಿ ಆಗಿತ್ತಲ್ಲ? ಕಣ್ಣಿನ ಹೊಲಿಗೆ ಬಿಚ್ಚಿ, ಮೇಲೊಂದು ಹಗ್ಗ ಎಳೆದು, ಒಣಗಲು ಹಾಕಿದ ಧೋತರ ಮಾಡಿದೆ. ಎಲ್ಲಾ ಮುಗಿದ ಮೇಲೆ ದೂರ ನಿಂತು ನೋಡಿದರೆ ಹ್ಯಾಲೊವೀನ್ ಎಲ್ಲಿದೆ? ಧಾರವಾಡದ ಹಿತ್ತಲು! ಕುಂಬಳಕಾಯಿ, ಬೆಕ್ಕು, ಒಣಗುವ ಬಟ್ಟೆ, ನಡುವೆ ಸಿಟ್ಟಿನಿಂದ ಕಸಬರಿಗೆ ಹಿಡಿದು ನಿಂತ ಸುಮಂಗಲಿ.

ನನಗೆ ಅಳು ಬಂತು. ಇದನ್ನು ನಾದಿನಿ ಗ್ಯಾರೇಜಿಗೂ ಸೇರಿಸುವುದಿಲ್ಲ ಅನಿಸಿತು.

ಅತ್ತಿಯವರಿಗೆ ಮಾತ್ರ ಬಹಳ ಸಮಾಧಾನ. ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ನಮ್ಮತ್ತಿ ಹಿಂಗಽ ಇದ್ದಳು ನೋಡು." ಆಫೀಸಿನಿಂದ ಬಂದ ಯಜಮಾನರು ಬೂಟು ಕಳಚುತ್ತಾ ಒಮ್ಮೆ ನೋಡಿ ಬೆಚ್ಚಿದರು. "ನಮ್ಮ ಮ್ಯಾನೇಜರ್ ಫೋಟೋ ನಿನಗ ಎಲ್ಲಿ ಸಿಕ್ತು?"

ಬ್ಯಾಟಿಂಗ್ ಯಾರದು?

ಕೌದಿಗೆ ಮೂರು ಪದರ. ಮೇಲಿನ ಚಿತ್ರ, ನಡುವೆ ಬ್ಯಾಟಿಂಗ್ ಅನ್ನುವ ಮೆತ್ತಗಿನ ಹತ್ತಿಯ ಪದರ, ಹಿಂದೆ ಬ್ಯಾಕಿಂಗ್ ಅನ್ನುವ ಅಸ್ತರು. ಕಿಟ್‌ನ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ ಬರೆದಿತ್ತು: ಬ್ಯಾಟಿಂಗ್ ಮತ್ತು ಬ್ಯಾಕಿಂಗ್ ಇದರಲ್ಲಿ ಇಲ್ಲ. ಗೃಹಪ್ರವೇಶ ಹತ್ತಿರ ಬಂದಿತ್ತು. ಯಜಮಾನರು ಟಿವಿ ಮುಂದೆ ಮ್ಯಾಚ್ ನೋಡುತ್ತಾ ಕೂತಿದ್ದರು.

"ರೀ, ಬ್ಯಾಟಿಂಗ್ ಇಲ್ಲಂತ."

"ಯಾರು ಹೇಳಿದ್ರು? ನಮ್ಮವರದಽ ಬ್ಯಾಟಿಂಗ್ ನಡದೈತಿ."

"ಅಲ್ರೀ, ನನಗ ಬ್ಯಾಟಿಂಗ್ ಬೇಕಾಗೇತಿ. ಅಂಗಡಿ ಮುಚ್ಚೂದ್ರಾಗ ತರ್ರಿ."

ಹೋದರು. ಬಂದರು. ಚೀಲದಲ್ಲಿ ಒಂದು ಜೊತೆ ಬ್ಯಾಟಿಂಗ್ ಗ್ಲೌಸ್! ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಾಳೆ, ಅದಕ್ಕೇ ಕೇಳಿದಳು ಅಂತ ಪಾಪ ಅವರೇ ಅರ್ಥ ಮಾಡಿಕೊಂಡಿದ್ದರು. ಸರಿಯಾದ ಅಂಗಡಿಯ ಹೆಸರು ಹೇಳಿ ಮತ್ತೆ ಓಡಿಸಿದೆ. ಅಲ್ಲಿಂದ ಮೊಬೈಲ್‌ನಲ್ಲಿ ಫೋನ್ ಬಂತು.

"ಇಲ್ಲಿ ಇವರು ಬ್ಯಾಟಿಂಗ್ ಅನ್ನೂದಿಲ್ಲಂತ. ವೆಡ್ಡಿಂಗ್ ಅಂತಾರಂತ."

"ವೆಡ್ಡಿಂಗ್ ಅಲ್ರೀ, ವಾಡಿಂಗ್ ಇರಬೇಕು, ಎರಡೂ ಒಂದಽ. ತಗೊಂಡ ಬರ್ರಿ."

"ಖಾಲಿ ಆಗೇತಂತ. ಮುಂದಿನ ವಾರ ಬಾ ಅಂದ್ಲು. ನಾನೂ ಕಂಗ್ರಾಜುಲೇಶನ್ಸ್ ಅಂದು ಬಂದೆ."

ತಲೆ ಮೇಲೆ ಕೈ ಹೊತ್ತು ಕೂತೆ. ಅತ್ತಿ ಒಳಗೆ ಹೋಗಿ ತಮ್ಮ ಸೂಟ್‌ಕೇಸ್ ತೆಗೆದರು. ಉಪ್ಪಿನಕಾಯಿ ಬಾಟಲಿಗೆ ಸುತ್ತಿ ತಂದಿದ್ದ ಒಂದು ಹಳೆಯ ಇಳಕಲ್ ಸೀರೆ ತಂದು ನನ್ನ ಮಡಿಲಲ್ಲಿ ಹಾಕಿದರು. ಉಟ್ಟು ಉಟ್ಟು ಬೆಣ್ಣೆಯಷ್ಟು ಮೆತ್ತಗಾಗಿತ್ತು. "ನಾಕು ಪದರ ಮಡಚು. ನಿನ್ನ ಬ್ಯಾಟಿಂಗೂ ಇದಽ, ಬ್ಯಾಕಿಂಗೂ ಇದಽ."

ಮಗಳು ಸೂಚನೆಯ ಹಾಳೆ ಹಿಡಿದು ಜೋರಾಗಿ ಓದಿದಳು: "ನೌ ಮೇಕ್ ಅ ಸ್ಯಾಂಡ್‌ವಿಚ್." ಮೂರು ಪದರ ಒಂದರ ಮೇಲೊಂದು ಇಡುವುದಕ್ಕೆ ಹಾಗನ್ನುತ್ತಾರೆ. ಅತ್ತಿಯವರಿಗೆ ಆ ಇಡೀ ಹಾಳೆಯಲ್ಲಿ ತಿಳಿದದ್ದು ಅದೊಂದೇ ಮಾತು.

"ನೋಡು, ಹೊಟ್ಟಿಗೆ ಏನರ ಹಾಕ್ಕೊಂಡು ಹೊಲೀರಿ ಅಂತ ಎಷ್ಟ ಚಲೋ ಬರದಾರ," ಅಂದವರೇ ಅಡುಗೆಮನೆಗೆ ಹೋಗಿ ಎಲ್ಲರಿಗೂ ಶೇಂಗಾ ಚಟ್ನಿ ಹಚ್ಚಿದ ಸ್ಯಾಂಡ್‌ವಿಚ್ ಮಾಡಿ ತಂದರು.

ಹೈವೇ ಮೇಲೆ

ಸಿಡ್ನಿಯಿಂದ ಮೆಲ್ಬರ್ನ್‌ಗೆ ಕಾರಿನಲ್ಲಿ ಹೊರಟೆವು. ಕೌದಿಯ ಅಂಚು ಇನ್ನೂ ಉಳಿದಿತ್ತು. ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಹರವಿಕೊಂಡು ದಾರಿಯುದ್ದಕ್ಕೂ ಕೈಯಲ್ಲೇ ಹೊಲಿದೆ. ಹಿಂದಿನ ಸೀಟಿನಲ್ಲಿ ಅಜ್ಜಿ ಮೊಮ್ಮಗಳು ಚಕ್ಕುಲಿ ತಿನ್ನುತ್ತಾ ನನ್ನ ಹೊಲಿಗೆಯ ಟಾಕು ವಕ್ರ ಅಂತ ಎರಡು ಭಾಷೆಯಲ್ಲಿ ಹೇಳುತ್ತಿದ್ದರು. ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕ್ ಹತ್ತಿರ ಬಂದಾಗ ಕೊನೆಯ ಟಾಕು ಹಾಕಿ ದಾರ ಕಡಿದೆ. ಮುಗಿಯಿತು! ಕಾಫಿ ಕುಡಿಯೋಣ ಅಂತ ಖುಷಿಯಿಂದ ಕೆಳಗೆ ಇಳಿದೆ.

ಕೌದಿಯೂ ಇಳಿಯಿತು. ಅಂಚಿನ ಜೊತೆ ನನ್ನ ಚೂಡಿದಾರವನ್ನೂ ಸೇರಿಸಿ ಹೊಲಿದಿದ್ದೆ, ಅದೂ ಗಟ್ಟಿಯಾಗಿ. ಕತ್ತರಿ ಡಿಕ್ಕಿಯಲ್ಲಿ ಸಾಮಾನಿನ ಅಡಿಗೆ. ಹೊಟ್ಟೆ ಮುಂದೆ ಮಾಟಗಾತಿಯನ್ನು ತೂಗಾಡಿಸಿಕೊಂಡು ಟಾಯ್ಲೆಟ್ಟಿನ ಕ್ಯೂನಲ್ಲಿ ನಿಂತೆ. ಎಲ್ಲರೂ ನೋಡಿಯೂ ನೋಡದವರ ಹಾಗೆ ಆಕಾಶ ನೋಡಿದರು. ಲಾರಿ ಡ್ರೈವರ್ ಒಬ್ಬ ಮಾತ್ರ ಮಾಂಸದ ಪೈ ತಿನ್ನುವುದನ್ನು ನಿಲ್ಲಿಸಿ, ಟೋಪಿ ತೆಗೆದು, "ಹ್ಯಾಪಿ ಹ್ಯಾಲೊವೀನ್, ಲವ್!" ಅಂದ.

ಆಸ್ಟ್ರೇಲಿಯಾಕ್ಕೆ ಬಂದಮೇಲೆ ಆ ಹಬ್ಬಕ್ಕೆ ನನಗೆ ಶುಭಾಶಯ ಹೇಳಿದವನು ಅವನೊಬ್ಬನೇ.

ಹಾಲ್‌ನ ಗೋಡೆ

ಗೃಹಪ್ರವೇಶ ಚೆನ್ನಾಗಿ ಆಯಿತು. ಹಾಲು ಉಕ್ಕಿಸುವಾಗ ಸ್ಮೋಕ್ ಅಲಾರಂ ಹೊಡೆಯಿತು, ಪುರೋಹಿತರು ಅದಕ್ಕೂ ಒಮ್ಮೆ ಕೈ ಮುಗಿದು ಮಂತ್ರ ಮುಂದುವರಿಸಿದರು. ಊಟದ ನಂತರ ನಾದಿನಿ ಎಲ್ಲರೆದುರು ಗಿಫ್ಟ್ ಬಿಚ್ಚತೊಡಗಿದಳು. ನನ್ನ ಪೊಟ್ಟಣ ಅವಳ ಕೈಗೆ ಬಂದಾಗ ನಾನು ಮುಂದಕ್ಕೆ ಸರಿದು ನಿಂತೆ.

ಬಿಚ್ಚಿದಳು. ನೋಡಿದಳು. ತಲೆ ಓರೆ ಮಾಡಿ ಮತ್ತೆ ನೋಡಿದಳು.

"ವೈನಿ, ನಾ ಹ್ಯಾಲೊವೀನ್ ಅಂದಿದ್ದೆನಲ್ಲ. ಮಾಟಗಾತಿ ಎಲ್ಲಿ?"

"ಆಕಿನಽ" ಅಂದೆ.

ಎಲ್ಲಿ ಕೊಂಡದ್ದು ಅಂತ ಲೇಬಲ್ ನೋಡಲು ಹಿಂದೆ ತಿರುಗಿಸಿದಳು. ಅಲ್ಲಿ ಇಳಕಲ್ ಸೀರೆಯ ಕೆಂಪು ದಡಿ. ಅವಳ ಕೈ ನಿಂತಿತು. ನಿಧಾನವಾಗಿ ಮೂಗಿನ ಹತ್ತಿರ ಒಯ್ದಳು. "ಯವ್ವ, ಇದು ನಿನ್ನ ಸೀರಿ. ನಾ ಸಣ್ಣಾಕಿದ್ದಾಗ ನೀ ಉಡತಿದ್ದಿ," ಅಂದಳು. ದನಿ ಸಣ್ಣಗಾಗಿತ್ತು. ಅತ್ತಿ ಹೌದೆಂದು ತಲೆ ಆಡಿಸಿದರು. ನನ್ನ ಕಣ್ಣಲ್ಲೂ ನೀರು ಬಂತು. ಗೆದ್ದೆ ಅಂದುಕೊಂಡೆ.

ಆಗ ನಾದಿನಿಯ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. ಅವರು ಮೈಸೂರಿನವರು, ಆ ಮನೆಯಲ್ಲೇ ಮಗನ ಜೊತೆ ಇರುವವರು. ಮನೆ ಕಟ್ಟಲು ಶುರುವಾದಾಗಿನಿಂದ ಯಾವ ಗೋಡೆಗೆ ಏನು ಅಂತ ಅತ್ತೆ ಸೊಸೆಗೆ ಒಂದು ದಿನವೂ ಹೊಂದಿರಲಿಲ್ಲ.

"ಏನಮ್ಮಾ, ಎಷ್ಟು ಚೆನ್ನಾಗಿ ಹೊಲಿದಿದೀಯ!" ಅಂತ ಕಿವಿಯಲ್ಲಿ ಪಿಸುಗುಟ್ಟಿದರು. "ನಮ್ಮ ಸೊಸೆ ಮೂತಿ ಹಾಗೇ ಬಂದಿದೆ ಕಣೆ, ಆ ಹುಬ್ಬು, ಆ ಸೊಂಟದ ಮೇಲಿನ ಕೈ! ಹಾಲ್‌ನಲ್ಲೇ ಹಾಕಿಸ್ತೀನಿ. ಯಾರಿಗೂ ಹೇಳ್ಬೇಡ ಮತ್ತೆ."

ನಾನು ಬಾಯಿ ತೆರೆಯುವ ಮೊದಲೇ ನಾದಿನಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ವೈನಿ, ನೀವು ಭಾರೀ ಅದೀರಿ ಬಿಡ್ರಿ! ನಮ್ಮತ್ತಿ ಮುಂಜಾನೆ ಎದ್ದು ಥೇಟ್ ಹಿಂಗಽ ನಿಂದರ್ತಾರ. ನೀವು ಯಾವಾಗ ನೋಡಿದ್ರಿ? ಹಾಲ್‌ನಾಗ ಹಾಕ್ತೀನಿ. ಅವರಿಗೆ ಹೇಳಬ್ಯಾಡ್ರಿ ಮತ್ತ."

ಹೊರಗೆ ಬಂದು ಇಬ್ಬರೂ ಒಂದೇ ಉಸಿರಿಗೆ, "ಹಾಲ್‌ನಲ್ಲೇ!" "ಹಾಲ್‌ನಾಗಽ!" ಅಂದರು. ನಾದಿನಿಯ ಗಂಡ ಕೈಯಲ್ಲಿದ್ದ ಲಾಡು ಹಾಗೇ ಬಿಟ್ಟು ಇಬ್ಬರ ಮುಖ ನೋಡಿದ. ಅವರ ಮನಸ್ಸು ಬದಲಾಗುವ ಮುಂಚೆ ಓಡಿಹೋಗಿ ಡ್ರಿಲ್ ತಂದ. ಗೋಡೆಯ ನಟ್ಟನಡುವೆ, ಸೋಫಾದ ಮೇಲೆ, ಕೌದಿ ಏರಿತು. ಅತ್ತೆ ಸೊಸೆಯನ್ನು ನೋಡಿ ನಕ್ಕರು, ಸೊಸೆ ಅತ್ತೆಯನ್ನು ನೋಡಿ ನಕ್ಕಳು. ಎಂಥ ಹೊಂದಾಣಿಕೆ ಅಂತ ಬಂದವರೆಲ್ಲ ಕೊಂಡಾಡಿದರು. ನಾನು ಎರಡೂ ಗುಟ್ಟು ಬಾಯಲ್ಲಿ ತುಂಬಿಕೊಂಡು ನಿಂತಿದ್ದೆ.

ಅಷ್ಟರಲ್ಲಿ ಯಾರೋ ಒಬ್ಬರು ಆಂಟಿ ಕೇಳಿಯೇಬಿಟ್ಟರು, "ಆ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ, ಯಾರದು?"

ಅತ್ತೆ ಸೊಸೆ ಇಬ್ಬರೂ ಗಾಬರಿಯಾಗಿ ನನ್ನ ಕಡೆ ನೋಡಿದರು. ಏನಾದರೂ ಸುಳ್ಳು ಹೊಳೆಯಲಿ ಅಂತ ದೇವರನ್ನು ನೆನೆದೆ. ಸೋಫಾ ಮೇಲೆ ಹತ್ತಿ ನಿಂತಿದ್ದ ನನ್ನ ಮಗಳು ಕೌದಿಯನ್ನು ಹತ್ತಿರದಿಂದ ನೋಡಿದಳು, ತಿರುಗಿ ನನ್ನನ್ನು ನೋಡಿದಳು. ಹುಟ್ಟಿದಾಗಿನಿಂದ ಕನ್ನಡದಲ್ಲಿ ಒಂದು ಪೂರ್ತಿ ಮಾತು ಆಡಿರದ ಹುಡುಗಿ, ಅಜ್ಜಿಯ ದನಿಯಲ್ಲೇ, ತುಂಬಿದ ಮನೆಯ ಎದುರು ಗಟ್ಟಿಯಾಗಿ ಹೇಳಿದಳು:

"ಅಯ್ಯ, ಇದು ನಮ್ಮವ್ವ ಅಲ್ಲೇನು! ಸಿಟ್ಟ ಬಂದಾಗ ಹಿಂಗಽ ನಿಂದರತಾಳ."

ಎಲ್ಲರೂ ಕೌದಿ ನೋಡಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಒಂದು ಹುಬ್ಬು ಮೇಲಿತ್ತು, ಒಂದು ಕೈ ಸೊಂಟದ ಮೇಲಿತ್ತು. ಇನ್ನೊಂದು ಕೈಯಲ್ಲಿ, ಡ್ರಿಲ್ ಹೊಡೆದಾಗ ಬಿದ್ದ ಪುಡಿ ಗುಡಿಸೋಣ ಅಂತ ಆಗಷ್ಟೇ ಎತ್ತಿಕೊಂಡ ಕಸಬರಿಗೆ.

ಮನೆ ಹಾರಿಹೋಗುವ ಹಾಗೆ ನಕ್ಕರು. ಅತ್ತಿ ಮಾತ್ರ ನಗಲಿಲ್ಲ. ಮೊಮ್ಮಗಳನ್ನು ಅಪ್ಪಿಕೊಂಡು, "ಎಷ್ಟ ಚಂದ ಕನ್ನಡಾ ಮಾತಾಡಿದ್ಲು ನನ್ನ ಬಂಗಾರ!" ಅಂತ ಕಣ್ಣು ಒರೆಸಿಕೊಂಡರು.

ನಾನು ಮಾಡಿದ್ದು ನಾದಿನಿಯ ಹಾಲ್‌ನ ಗೋಡೆ ಮೇಲೆ ಇರಬೇಕು ಅಂತ ಅಷ್ಟೊಂದು ಹಂಬಲಿಸಿದ್ದೆನಲ್ಲ, ಈಗ ನಾನೇ ಅಲ್ಲಿದ್ದೇನೆ. ಹಣೆಗೆ ಕುಂಕುಮವೂ ಇದೆ.